ಕರಡಿಗೆ ಒಳಗೋ ಹೊರಗೋ

ತಮ್ಮನ ಮದುವೆಗೆ ಹೆಣ್ಣಿನ ಸೀರೆ ಆರಿಸಲು ನಮಗೆ ಹಿಡಿದದ್ದು ಬಸಿಯಲ್ಲಿ ಹಾಕಿದ ಚಹಾ ಆರುವಷ್ಟು ಹೊತ್ತು. ನಾವು ಇಳಕಲ್ಲಿನವರು. ಅವ್ವ ಅಂಗಡಿಯ ಗಾದಿಯ ಮೇಲೆ ಕೂತಳು, ಎರಡು ಸೀರೆ ಸರಿಸಿದಳು, ಮೂರನೆಯದರ ಸೆರಗನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ "ಇದನ್ನ ಕಟ್ರಿ" ಎಂದಳು. ಮುಗಿಯಿತು. ಗಂಡಿನ ಕೊರಳಿಗೆ ಏನು ಕಟ್ಟಬೇಕು, ಎದೆಗೆ ಏನು ತೊಡಿಸಬೇಕು ಎಂಬುದು ಇತ್ಯರ್ಥವಾಗಲು ಮಾತ್ರ ಒಂದು ಇಡೀ ಬೇಸಿಗೆ ಬೇಕಾಯಿತು. ಆ ಬೇಸಿಗೆ ನನ್ನದಾಗಿತ್ತು. ಅದನ್ನು ಯಾರೂ ತಿರುಗಿ ಕೊಟ್ಟಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರ. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯ ಹಿರಿಯನ ಪದವಿ ನನಗೆ ಬಂದಿತ್ತು. ಆ ಪದವಿಗೆ ಅಧಿಕಾರ ಯಾವುದೂ ಇರಲಿಲ್ಲ, ಬಸ್ಸು ಹತ್ತುವುದೊಂದೇ ಇತ್ತು. ತಮ್ಮ ಬಾದಾಮಿಯಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನ. ಹೆಣ್ಣು ಹುನಗುಂದದ ಒಬ್ಬ ವಕೀಲರ ಮಗಳು. ಹೆಣ್ಣು, ಗಂಡು, ತಾರೀಖು, ಊಟ, ಹಂದರ ಎಲ್ಲವೂ ಸುಸೂತ್ರವಾಗಿ ಕೂಡಿ ಬಂದಿದ್ದವು. ಉಳಿದದ್ದು ಗಂಡಿನ ಅರ್ಧ ಮೈ ಮಾತ್ರ.

ಅರ್ಧ ಎನ್ನುವುದಕ್ಕೆ ಕಾರಣವಿದೆ. ನಮ್ಮ ಕಡೆ ಮದುಮಗನ ಉಡುಪು ಹೆಣ್ಣಿನವರ ಆಯಾರ. ಅವರು ಕೊಟ್ಟದ್ದನ್ನು ಅವನು ಉಡಬೇಕು. ನಡುವಿನಿಂದ ಕೆಳಗೆ ಧೋತರ ಎಂಬುದರಲ್ಲಿ ಎರಡೂ ಮನೆತನಗಳಿಗೆ ಒಮ್ಮತವಿತ್ತು. ನಡುವಿನಿಂದ ಮೇಲೆ ಏನು ಎಂಬುದರಲ್ಲಿ ವಕೀಲರಿಗೆ ಅವರದೇ ಆದ ಒಂದು ಸಂಕಲ್ಪವಿತ್ತು. ಅವರು ಸನದು ಪಡೆದ ವರ್ಷ ತೆಗೆಸಿಕೊಂಡ ಫೋಟೋ ಪಡಸಾಲೆಯಲ್ಲಿ ತೂಗುಹಾಕಿತ್ತು: ಕೆಳಗೆ ಕಚ್ಚೆ ಹಾಕಿದ ಧೋತರ, ಮೇಲೆ ತೋಳಿಲ್ಲದ ಜಾಕೀಟು, ಬಿಗಿಯಾಗಿ ಹಾಕಿದ ಗುಂಡಿಗಳು, ಕೊರಳಲ್ಲಿ ಟೈ. ಹಿಂದಿನ ಕಾಲದ ವಕೀಲರು ಅರ್ಧ ಬಸವಣ್ಣನವರ ಕಡೆ, ಅರ್ಧ ಹೈಕೋರ್ಟಿನ ಕಡೆ ಇರುತ್ತಿದ್ದರು.

"ಮಾಸ್ತರ," ಎಂದರು, ಮಾತುಕತೆಯ ದಿನವೇ. "ಪ್ಯಾಂಟ್ ಹಾಕಿದ ಅಳಿಯ ನನಗ ಬ್ಯಾಡ. ಬರೇ ಅಂಗಿ ಧೋತರದ ಮ್ಯಾಲ ಶಲ್ಯ ಹೊತ್ತು ನಿಂತಾಂವನೂ ಬ್ಯಾಡ. ನೋಡ್ರಿ ಆ ಫೋಟೋ. ಹಂಗ ಕಾಣಬೇಕು."

"ಆಗ್ಲಿ ತಗೋರಿ," ಎಂದೆ ನಾನು. ಆಗ ಅದು ಸಣ್ಣ ಮಾತಿನಂತೆ ಕಂಡಿತ್ತು. ಜಾಕೀಟಿನ ಬಟ್ಟೆಯನ್ನು ಅವರೇ ತರಿಸಿದರು, ಬೆಲ್ಲದ ಬಣ್ಣದ ರೇಶಿಮೆ. ಹೊಲಿಸುವ ಹೊಣೆ ನನಗೆ ಬಂತು.

ಒಂದು ರವಿವಾರ ತಮ್ಮ ಬಾದಾಮಿಯಿಂದ ಬಂದ. ಇಬ್ಬರೂ ನಮ್ಮ ಓಣಿಯ ಸಿಂಪಿಗನ ಅಂಗಡಿಗೆ ಹೋದೆವು. ಅವನು ನಮ್ಮ ಮೂರು ತಲೆಮಾರಿನ ಅಂಗಿ ಹೊಲಿದವನು. ಕೊಟ್ಟ ಮಾತಿಗೆ ಒಂದು ವಾರ ತಡವಾಗಿ, ಒಂದು ಬೆರಳು ಸಡಿಲವಾಗಿ. ಟೇಪು ಹಿಡಿದು ತಮ್ಮನ ಎದೆ ಅಳೆದ, ಹೊಟ್ಟೆ ಅಳೆದ, ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ:

"ಕರಡಿಗಿ ಒಳಗೋ ಹೊರಗೋ?"

ನಮ್ಮಲ್ಲಿ ಲಿಂಗ ಕೊರಳಿನಲ್ಲಿರುತ್ತದೆ. ಅದನ್ನಿಡುವ ಬೆಳ್ಳಿಯ ಡಬ್ಬಿಗೆ ಕರಡಿಗೆ ಎನ್ನುತ್ತೇವೆ. ಶಿವದಾರದಲ್ಲಿ ಎದೆಯ ನಡುವೆ ತೂಗುತ್ತದೆ, ಒಂದು ಹುಣಸೇಕಾಯಿ ಉದ್ದ, ನಡುವೆ ಉಬ್ಬು. ದಿನಾ ಅಂಗಿಯ ಒಳಗೇ ಇರುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಜಾಕೀಟು ಎದೆಗೆ ಅಂಟಿ ಕೂಡುವ ವಸ್ತ್ರ. ಕರಡಿಗೆ ಒಳಗಿದ್ದರೆ ಅದಕ್ಕೆ ಜಾಗ ಬಿಟ್ಟು ಕತ್ತರಿಸಬೇಕು, ಇಲ್ಲವಾದರೆ ಗುಂಡಿ ಹಾರುತ್ತದೆ. ಸಿಂಪಿಗ ಕೇಳಿದ್ದು ಅಷ್ಟೇ, ತನ್ನ ಕಸುಬಿನ ಪ್ರಶ್ನೆ.

"ಒಳಗ," ಎಂದ ತಮ್ಮ. ಸಿಂಪಿಗ ಗೀಟು ಹಾಕಿದ. ನಾವು ಮನೆಗೆ ಬಂದೆವು.

ಊಟಕ್ಕೆ ಕೂತಾಗ ನಗಲು ಒಂದು ವಿಷಯವಿರಲಿ ಎಂದು ಅದನ್ನು ಹೇಳಿದವನು ನಾನೇ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಹೊರಗ," ಎಂದಳು. ಮತ್ತೆ ಬಡಿಯತೊಡಗಿದಳು.

"ಯವ್ವಾ, ಜಾಕೀಟಿನ ಮ್ಯಾಲ ಹೊರಗ ಹೆಂಗ್ ಬರತೈತಿ? ಟೈ ಬ್ಯಾರೆ ಇರತೈತಿ," ಎಂದ ತಮ್ಮ.

"ಟೈ ಅಂದ್ರ?"

ತಮ್ಮ ಬೆರಳಿನಿಂದ ಗಂಟಲಿನಿಂದ ಹೊಕ್ಕುಳ ತನಕ ಗೆರೆ ಎಳೆದು ತೋರಿಸಿದ.

"ಎತ್ತಿಗಿ ಕಣ್ಣಿ ಕಟ್ಟಿದಂಗ," ಎಂದಳು ಅವ್ವ. "ಮದಿವಿ ದಿನಾನ ಯಾಕಲೇ ಅವಸರ? ಮರದಿನ ಹೆಂಗೂ ಬೀಳತೈತಿ."

ರೊಟ್ಟಿ ಮುಗಿಸಿ, ಕೈ ತೊಳೆದು, ಟ್ರಂಕಿನ ತಳದಿಂದ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ್ದ ಗಂಟೊಂದನ್ನು ತಂದಳು. ಅದು ಅಪ್ಪನ ಕರಡಿಗೆ. ಅಪ್ಪನ ಲಿಂಗ ಅಪ್ಪನ ಜೊತೆಗೇ ಮಣ್ಣಿಗೆ ಹೋಗಿತ್ತು. ಬೆಳ್ಳಿಯದು ಮನೆಯಲ್ಲಿ ಉಳಿದಿತ್ತು. ಅದನ್ನು ಅವಳು ಹುಣಸೆಹಣ್ಣು ಹಾಕಿ ತಿಕ್ಕಿದ್ದಳು, ಕನ್ನಡಿಯಾಗಿತ್ತು.

"ಇದರಾಗ ನಿನ್ನ ಲಿಂಗ ಇಟ್ಟು ಕಟಗೋ," ಎಂದಳು ತಮ್ಮನಿಗೆ. "ಅಕ್ಕಿಕಾಳು ಬೀಳೂ ಮುಂದ ಇದು ಎದಿ ಮ್ಯಾಲ ಕಾಣಬೇಕು. ಉಳಿದಿದ್ದು ಏನರೆ ಹಾಕ್ಕೋರಿ."

ಹೀಗೆ ಗಡಿ ತಂಟೆ ಶುರುವಾಯಿತು. ಆಯಾರದ ಪ್ರಕಾರ ಎದೆ ಹೆಣ್ಣಿನವರದು. ಲಿಂಗದ ಪ್ರಕಾರ ಎದೆ ನಮ್ಮದು. ಎದೆಯ ಒಡೆಯನಾದ ತಮ್ಮ ಸಂಜೆಯ ಬಸ್ಸಿಗೆ ಬಾದಾಮಿಗೆ ಹೋಗಿಬಿಟ್ಟ.

ರಾಯಭಾರಿಯಾಗಿ ನಾನು ಹುನಗುಂದಕ್ಕೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ವಕೀಲರು ಬನಿಯನ್ನಿನಲ್ಲಿ ಕೂತು ಬೀಸಣಿಕೆ ಹಾಕಿಕೊಳ್ಳುತ್ತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿದರು. ಅವರು ಒಳ್ಳೆಯ ಮನುಷ್ಯರು, ಕೇಳಿಸಿಕೊಂಡ ಮೇಲೆಯೇ ಒಪ್ಪದೇ ಇರುತ್ತಿದ್ದರು.

"ಕರಡಿಗಿ ಹೊರಗಿರ್ಲಿ. ನಾ ಬ್ಯಾಡ ಅಂದೆನೇನು? ನಾನೂ ಲಿಂಗ ಕಟ್ಟಿದಾಂವನ. ಆದ್ರ ಟೈ ಎಲ್ಲಿ ಹೋಗಬೇಕ್ರಿ ಮಾಸ್ತರ? ಒಂದ ಹೊಲ, ಇಬ್ಬರು ವಾರಸುದಾರರು."

"ಟೈ ಬಿಟ್ರ..."

"ಟೈ ಬಿಟ್ರ ಅದು ಬರೇ ಜಾಕೀಟು. ಸಂತಿಗಿ ಹೋಗಾವರೂ ಹಾಕ್ಕೋತಾರ."

ಸಾಕ್ಷ್ಯ ಪರಿಶೀಲನೆ ನನ್ನ ಮೈಮೇಲೆಯೇ ನಡೆಯಿತು. ವಕೀಲರ ಹಳೆಯ ಜಾಕೀಟನ್ನು ನನಗೆ ತೊಡಿಸಿ, ಅವರ ಟೈ ಕಟ್ಟಿ, ನನ್ನ ಕರಡಿಗೆಯನ್ನು ಹೊರಗೆ ತೆಗೆದರು. ಟೈ ಮೇಲೆ ಬಂದರೆ ಕರಡಿಗೆ ಮುಚ್ಚಿಹೋಗುತ್ತಿತ್ತು. ಕರಡಿಗೆ ಮೇಲೆ ಬಂದರೆ ಟೈಯ ನುಣುಪಿನ ಮೇಲೆ ಜಾರಿ ಎಡಕ್ಕೆ ಹೋಗಿ ಕಂಕುಳು ಸೇರುತ್ತಿತ್ತು. ಟೈಯನ್ನು ಜಾಕೀಟಿನೊಳಗೆ ತುರುಕಿದರೆ ಶೀತವಾದವನ ಕೊರಳಿಗೆ ಬಟ್ಟೆ ಕಟ್ಟಿದ ಹಾಗೆ ಕಾಣುತ್ತಿತ್ತು. ವಕೀಲರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಪಾಪ, ಮಾಸ್ತರಿಗೆ ಮಜ್ಜಿಗಿ ಕೊಡ್ತೀನಿ," ಎಂದು ಒಳಗೆ ಹೋದರು. ಆ ದಿನ ನನ್ನ ಪರವಾಗಿ ಮಾತಾಡಿದವರು ಅವರೊಬ್ಬರೇ.

ಮುಂದಿನ ವಾರ ಬಾದಾಮಿಗೆ ಹೋದೆ. ಬಾಗಲಕೋಟೆಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಿತ್ತು. ಬಾದಾಮಿಯ ಕೆಂಪು ಬಂಡೆಗಳು ಬೇಸಿಗೆಯಲ್ಲಿ ಮನುಷ್ಯನನ್ನು ಎರಡೂ ಕಡೆಯಿಂದ ಬೇಯಿಸುತ್ತವೆ. ಹಗಲು ಕುಡಿದ ಬಿಸಿಲನ್ನು ಸಂಜೆ ವಾಪಸು ಕೊಡುತ್ತವೆ. ತಮ್ಮ ಬಾಡಿಗೆ ಖೋಲಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ಏನರೆ ಹೇಳಲೇ," ಎಂದೆ. "ಟೈ ಬೇಕೋ ಬ್ಯಾಡೋ? ನಿನ್ನ ಮದಿವಿ ಐತಿ."

"ನಂದ ಖರೆ. ಕೊರಳು ಮಾತ್ರ ನಂದಲ್ಲ ಅನ್ನೂದು ಗೊತ್ತಾತು. ನೀನು, ವಕೀಲರು ಮಾತಾಡ್ಕೊಂಡು ಏನರೆ ಹಾಕ್ರಿ. ಬೇಕಾದ್ರ ಕೌದಿ ಹೊದಸ್ರಿ."

"ಇದನ್ನ ಕೇಳಾಕ ಎರಡು ಬಸ್ ಹತ್ತಿ ಬಂದೇನೇನು ನಾ?"

"ಚಹಾ ಕುಡಿ." ಬಸಿ ನನ್ನ ಕಡೆ ಸರಿಸಿ ಅವನೇ ಮತ್ತೆ ಅಂದ: "ಅಣ್ಣಾ, ಅವ್ವ ಎಂದೂ ಹಟ ಹಿಡದಾಕಿ ಅಲ್ಲ. ಜ್ವರ ಬಂದ್ರೂ ದವಾಖಾನಿಗಿ ಬ್ಯಾಡ ಅನ್ನಾಕಿ. ಇದೊಂದಕ್ಕ ಯಾಕ ಹಿಂಗ? ಕೇಳೀಯೇನು?"

ನಾನು ಕೇಳಿರಲಿಲ್ಲ. ಹುನಗುಂದ, ಬಾಗಲಕೋಟೆ, ಬಾದಾಮಿ ಎಲ್ಲ ತಿರುಗಿದ್ದೆ; ಅಡುಗೆಮನೆಗೆ ಹೋಗಿ ಕೇಳುವುದು ಉಳಿದುಹೋಗಿತ್ತು.

ಮರುದಿನ ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಕೇಳಿದೆ. ತಲೆ ಎತ್ತದೆ ಹೇಳಿದಳು:

"ನಾ ಅಂತೂ ಅಕ್ಕಿಕಾಳಿಗೆ ಮುಂದ ಬರಂಗಿಲ್ಲ. ಬಾಗಲದಾಗ ನಿಂತಿರ್ತೀನಿ. ಅಲ್ಲಿಂದ ಅವನ ಮಾರಿ ಕಾಣಂಗಿಲ್ಲ ನನಗ, ಕಣ್ಣು ಮೊದಲಿನಂಗ ಇಲ್ಲ. ಬೆಳ್ಳಿ ಹೊಳದ್ರ ಕಾಣತೈತಿ. ನಾ ಇಲ್ಲಂದ್ರೂ ನಿಮ್ಮಪ್ಪನರೆ ಮುಂದ ಇರ್ಲಿ."

ಗಂಡ ಸತ್ತವಳು ಅಕ್ಕಿಕಾಳಿನ, ಅಂದರೆ ಅಕ್ಷತೆಯ, ಹೊತ್ತಿಗೆ ಮದುಮಕ್ಕಳ ಸನಿಹ ನಿಲ್ಲುವುದಿಲ್ಲ. ಹೀಗೆಂದು ಯಾರೂ ಹೇಳುವುದಿಲ್ಲ, ಅವರೇ ಹಿಂದೆ ಸರಿಯುತ್ತಾರೆ. ನಮ್ಮ ಧರ್ಮದಲ್ಲಿ ಇಂಥದೆಲ್ಲ ಇಲ್ಲ ಎಂದು ಎಂಟುನೂರು ವರ್ಷಗಳ ಹಿಂದೆಯೇ ಹೇಳಿಯಾಗಿದೆ. ಪ್ರತಿ ವರ್ಷ ಶಾಲೆಯಲ್ಲಿ ನಾನೇ ಅದರ ಬಗ್ಗೆ ಭಾಷಣ ಮಾಡುತ್ತೇನೆ, ಹುಡುಗರು ಚಪ್ಪಾಳೆ ಹೊಡೆಯುತ್ತಾರೆ. ಆದರೆ ಆ ಮಾತು ಪಡಸಾಲೆಯ ಬಾಗಿಲು ದಾಟಿ ಒಳಗೆ ಬಂದಿರಲಿಲ್ಲ.

"ಮುಂದ ಬಾ ಯವ್ವಾ. ಯಾರೇನ್ ಅಂತಾರ?" ಎಂದೆ.

"ಯಾರೂ ಏನೂ ಅನ್ನಂಗಿಲ್ಲ. ನೋಡ್ತಾರ." ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ಹುಡುಗಿಗಿ ಹೊಸಾ ಬಾಳು. ನಾಳಿ ಏನರೆ ಒಂದು ಆತಂದ್ರ ನನ್ನ ಕಾಲಗುಣ ಅಂತಾರ. ಬ್ಯಾಡ."

ಮತ್ತೆ ಹುನಗುಂದಕ್ಕೆ ಹೋದೆ. ಕಂಡಕ್ಟರನಿಗೆ ನನ್ನ ಪರಿಚಯವಾಗಿತ್ತು, "ವಕೀಲರ ಮನಿಗೇನ್ರಿ?" ಎಂದು ಕೇಳಿಯೇ ಸೀಟು ಕೊಟ್ಟ. ಅವ್ವ ಹೇಳಿದ್ದನ್ನು ವಕೀಲರಿಗೆ ಅವಳ ಮಾತಿನಲ್ಲಿಯೇ ಹೇಳಿದೆ. ಅವರು ಬೀಸಣಿಕೆ ಕೆಳಗಿಟ್ಟರು.

ಅಡಿಕೆಯ ಡಬ್ಬಿ ನನ್ನ ಕಡೆ ದೂಡಿದರು. ಅದು ಪರದೇಶದ ಬಿಸ್ಕೀಟಿನ ಡಬ್ಬಿ, ಯಾರೋ ಕಕ್ಷಿದಾರ ಮುಂಬಯಿಯಿಂದ ತಂದು ಕೊಟ್ಟದ್ದು. ಮುಚ್ಚಳದ ಮೇಲೆ ಒಬ್ಬ ದೊರೆಯ ಚಿತ್ರ. ಸೊಂಟಕ್ಕೆ ನಮ್ಮ ಹುಡುಗಿಯರ ಪರಕಾರದಂಥ ಚೌಕಡಿಯ ವಸ್ತ್ರ, ಮೊಣಕಾಲ ತನಕ. ಮೇಲೆ ಕರಿ ಜಾಕೀಟು, ಹೊಳೆಯುವ ಗುಂಡಿಗಳು. ಮುಖದಲ್ಲಿ ಮದುವೆಗೆ ಬಂದವನ ದಣಿವು.

"ಇಂವ ಸ್ಕಾಟ್ಲಂಡದಾಂವ," ಎಂದರು ವಕೀಲರು. "ಇದಕ್ಕ ಕಿಲ್ಟ್ ಅಂತಾರ. ಅಲ್ಲಿ ಮದಿವ್ಯಾಗ ಗಂಡಸರು ಇದನ್ನ ಉಡ್ತಾರಂತ. ನಮ್ಮಂಗ. ಕೆಳಗ ಉಟಗೊಳ್ಳೂದು, ಮ್ಯಾಲ ತೊಟಗೊಳ್ಳೂದು. ಇವನ ಜಾಕೀಟು ನೋಡ್ರಿ, ಎದಿ ತೆರದೈತಿ. ಹಿಂಗ ಕತ್ತರಿಸಿದ್ರ ಏನರೆ ಹಾದಿ ಸಿಗತೈತೇನು, ನಿಮ್ಮ ಸಿಂಪಿಗ್ಯಾಂಗ ತೋರಸ್ರಿ."

ಅಡಿಕೆಯನ್ನು ಒಂದು ಪಾತ್ರೆಗೆ ಸುರುವಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಹೀಗೆ ಸ್ಕಾಟ್ಲಂಡದವನು ನನ್ನ ತೊಡೆಯ ಮೇಲೆ ಕೂತು ಇಳಕಲ್ಲಿಗೆ ಬಂದ.

ಅವ್ವ ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವನ ಸೊಂಟದ ಮುಂದೆ ತುಪ್ಪಳದ ಚೀಲವೊಂದು ತೂಗುತ್ತಿತ್ತು.

"ಇವಂಗೂ ಕರಡಿಗಿ ಐತಿ," ಎಂದಳು. "ಆದ್ರ ಭಾಳ ಕೆಳಗ ಬಂದೈತಿ. ದಾರ ಉದ್ದ ಆತೇನೋ."

ನಾನು ನಕ್ಕೆ. ಆ ಬೇಸಿಗೆಯಲ್ಲಿ ಅದೊಂದೇ ನಗು ಎಂದು ನೆನಪು. ಅವ್ವ ನಗಲಿಲ್ಲ, ಉಗುರಿನಿಂದ ಡಬ್ಬಿಯ ದೊರೆಯ ಗಂಟಲನ್ನು ಮುಟ್ಟಿದಳು.

"ಇಲ್ಲಿ ಏನು, ಚಿಟ್ಟಿ ಕುಂತಂಗ ಐತಲ್ಲ?"

"ಅದು ಬೋ. ಟೈ ಥರಾನ, ಗಿಡ್ಡಂದು."

"ಎದಿ ಖಾಲಿ ಬಿಟ್ಟೈತಿ ನೋಡು," ಎಂದಳು. "ಇದನ್ನ ಕಟ್ಟಲಿ. ನಿಮ್ಮ ವಕೀಲರಿಗೆ ಗಂಟಲ ಕೊಡು, ನಮಗ ಎದಿ ಇರ್ಲಿ."

ಇಷ್ಟು ಸರಳ ತೀರ್ಪು ಯಾವ ಕೋರ್ಟಿನಿಂದಲೂ ಬರುತ್ತಿರಲಿಲ್ಲ. ಆದರೆ ಬೋ ಎಲ್ಲಿ ಸಿಗಬೇಕು? ಬಾಗಲಕೋಟೆಗೆ ಹೋದೆ. ಆಗಿನ್ನೂ ನವನಗರ ಇರಲಿಲ್ಲ, ಇದ್ದ ಊರೆಲ್ಲ ಹೊಳೆಯ ಕಡೆಯ ಹಳೆಯ ಪೇಟೆಯೇ. ಬಟ್ಟೆಯ ಅಂಗಡಿಗಳಲ್ಲಿ ಬೋ ಎಂದರೆ ಹುಡುಗಿಯರ ಜಡೆಗೆ ಕಟ್ಟುವ ರಿಬ್ಬನ್ ತೋರಿಸಿದರು. ಗಂಡಸಿಗೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ತೊಡಿಸಲು ಇಟ್ಟಿದ್ದ ಬೋ ಒಂದಿತ್ತು. ಊರಿನ ಅರ್ಧ ಜನರ ಬೆವರು ಕುಡಿದಿತ್ತು. ಬಣ್ಣ ಕಪ್ಪು.

"ಕರಿದು ಬ್ಯಾಡ," ಎಂದಳು ಅವ್ವ, ನಾನು ಮನೆಗೆ ಬಂದು ಹೇಳಿದಾಗ. "ಶುಭಕಾರ್ಯ ಐತಿ."

ಕೊನೆಗೆ ಅದು ನಮ್ಮ ಸಿಂಪಿಗನ ತಲೆಗೆ ಬಿತ್ತು. ಅವ್ವ ಗುಳೇದಗುಡ್ಡದ ಖಣದ ತುಂಡೊಂದನ್ನು ಕೊಟ್ಟಳು, ಕುಪ್ಪಸಕ್ಕೆ ತಂದದ್ದರಲ್ಲಿ ಉಳಿದದ್ದು, ಕುಂಕುಮದ ಬಣ್ಣ. ಡಬ್ಬಿ ಮುಂದಿಟ್ಟುಕೊಂಡು ಸಿಂಪಿಗ ಹೊಲಿದ ಮೊದಲನೆಯ ಬೋ ಎಷ್ಟು ದೊಡ್ಡದಾಗಿತ್ತೆಂದರೆ ಎರಡೂ ಕಿವಿ ಮುಟ್ಟುತ್ತಿತ್ತು. ಎರಡನೆಯದು ಕುರಿಯ ಕೊರಳಿಗೆ ಸರಿಹೋಗುತ್ತಿತ್ತು. ಮೂರನೆಯದನ್ನು ನಾನು ಒಪ್ಪಿಕೊಂಡೆ. ಚೆನ್ನಾಗಿತ್ತೆಂದಲ್ಲ, ಖಣ ಮುಗಿದಿತ್ತು. ಜಾಕೀಟಿನ ಎದೆಯನ್ನು ಅಗಲವಾಗಿ, ಆಳವಾಗಿ ತೆರೆದು ಹೊಲಿದ. ತಮ್ಮನಿಗೆ ತೊಡಿಸಿ ನೋಡಿದೆವು. ಕುಂಕುಮದ ಬೋ, ಬೆಲ್ಲದ ಬಣ್ಣದ ಜಾಕೀಟು, ನಡುವೆ ಬಿಳಿ ಅಂಗಿಯ ಮೇಲೆ ಅಪ್ಪನ ಕರಡಿಗೆ ಗದ್ದುಗೆ ಹಿಡಿದಂತೆ ಕೂತಿತು. ವಕೀಲರು ಸ್ವತಃ ಬಂದು ನೋಡಿದರು, ಎರಡು ಸುತ್ತು ಸುತ್ತಿದರು.

"ಟೈ ಅಲ್ಲ," ಎಂದರು. "ಟೈನ ತಮ್ಮ. ನಡೀತೈತಿ."

ಮದುವೆ ಹುನಗುಂದದಲ್ಲಿ, ವಕೀಲರ ಮನೆಯ ಮುಂದಿನ ಹಂದರದಲ್ಲಿ. ಮುಂಜಾನೆ ತಮ್ಮ ಉಟ್ಟು ತೊಟ್ಟು ಪಡಸಾಲೆಗೆ ಬಂದಾಗ ಎರಡೂ ಕಡೆಯವರು ಎದ್ದು ನೋಡಿದರು. ಅವ್ವ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು, ಹಣೆಯ ತುಂಬ ವಿಭೂತಿ. ಕರಡಿಗೆ ಬಿಸಿಲಿಗೆ ಹೊಳೆಯಿತು. ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ನನ್ನ ಹೆಗಲಿನ ಮೇಲಿಂದ ಒಂದು ಬೇಸಿಗೆಯ ಭಾರ ಇಳಿಯಿತು ಎಂದುಕೊಂಡೆ.

ಆಮೇಲೆ ಹಾರ ಬಂದವು.

ಮದುವೆಯಾದ ಗಂಡಸು ನಾನು. ಮದುವೆಯಾದ ಗಂಡಸರು ವಕೀಲರು. ಸಿಂಪಿಗನೂ ಸಂಸಾರಸ್ಥ. ನಮ್ಮೆಲ್ಲರ ಕೊರಳಿಗೂ ಒಂದಾನೊಂದು ದಿನ ಹಾರ ಬಿದ್ದಿತ್ತು. ಆದರೂ ಇಡೀ ಬೇಸಿಗೆಯಲ್ಲಿ ಒಬ್ಬನಿಗೂ ಹಾರದ ನೆನಪಾಗಿರಲಿಲ್ಲ. ಬಾಗಲಕೋಟೆಯಿಂದ ತರಿಸಿದ ಹಾರಗಳು ಅವು, ತೊಡೆಯ ಗಾತ್ರ, ಮೊಣಕಾಲ ತನಕ ಉದ್ದ. ಹೆಣ್ಣು ಒಂದು ಹಾಕಿದಳು. ಅವಳ ಸೋದರಮಾವ ಇನ್ನೊಂದು ಹಾಕಿದ. ಮೇಲೆ ಬಾಸಿಂಗ ಕಟ್ಟಿದರು. ಗದ್ದದಿಂದ ಮೊಣಕಾಲ ತನಕ ತಮ್ಮ ಇರಲಿಲ್ಲ, ಹೂವಿನ ಬಣವೆ ಇತ್ತು. ಬೋ ಹೋಯಿತು, ಜಾಕೀಟು ಹೋಯಿತು, ಕರಡಿಗೆ ಹೋಯಿತು.

ವಕೀಲರು ನನ್ನ ಕಡೆ ನೋಡಿದರು. ನಾನು ವಕೀಲರ ಕಡೆ ನೋಡಿದೆ. ಅಯ್ಯನವರು ಮಂತ್ರ ಶುರು ಮಾಡಿದರು, ಎಲ್ಲರ ಕೈಗೂ ಅಕ್ಕಿಕಾಳು ಬಂದವು, ವಾಜಂತ್ರಿಯವರು ಗಾಳಿ ತುಂಬಿಕೊಂಡು ಸನ್ನೆಗೆ ಕಾಯುತ್ತಿದ್ದರು. ನಾನು ಬಾಗಿಲ ಕಡೆ ತಿರುಗಿದೆ. ಅವ್ವ ಅಲ್ಲಿರಲಿಲ್ಲ.

ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದಳು. ಮೊಣಕಾಲಿನ ಮೇಲೆ ಕೈಯೂರಿ ಮಂಟಪದ ಮೆಟ್ಟಿಲು ಹತ್ತಿದಳು, ತಮ್ಮನ ಎದುರು ನಿಂತು ಎರಡೂ ಹಾರಗಳ ನಡುವೆ ಕೈ ಹಾಕಿದಳು. ಜೋಳದ ಹೊಟ್ಟಿನ ಚೀಲದಲ್ಲಿ ಏನೋ ಹುಡುಕುವವಳ ಹಾಗೆ ತಡಕಾಡಿ ಕರಡಿಗೆಯನ್ನು ಹೊರಗೆ ಎಳೆದು ಹೂವಿನ ಮೇಲೆ ಇಟ್ಟಳು. ಅದು ಜಾರಿತು. ಮತ್ತೆ ತೆಗೆದು ಇಟ್ಟಳು. ಮತ್ತೆ ಜಾರಿತು. ಮೂರನೆಯ ಸಲ ಅದನ್ನು ಅಂಗೈಯಲ್ಲಿ ಹಿಡಿದು ಅವನ ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು.

ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ವಕೀಲರ ಕಡೆಯ ಒಬ್ಬ ಮುದುಕಿ ಮೆಲ್ಲಗೆ ಕರೆದಳು: "ಬೀಗತಿ, ಕೆಳಗ ಬರ್ರೀ. ಅಕ್ಕಿಕಾಳು ಬೀಳೂ ಹೊತ್ತಾತು."

"ಕೈ ಬಿಟ್ರ ಜಾರತೈತ್ರಿ," ಎಂದಳು ಅವ್ವ.

ಮುದುಕಿ ಇನ್ನೇನೋ ಹೇಳಲು ಹೊರಟಿದ್ದಳು. ಮದುಮಗಳು ಬಾಸಿಂಗದ ಕೆಳಗಿನಿಂದ ಒಮ್ಮೆ ಅತ್ತೆಯ ಕಡೆ ನೋಡಿ, ಅವಳಿಗೆ ನಿಲ್ಲಲು ಜಾಗವಾಗಲೆಂದು ಒಂದು ಹೆಜ್ಜೆ ಬದಿಗೆ ಸರಿದಳು. ವಕೀಲರು ವಾಜಂತ್ರಿಯವರಿಗೆ ಕೈ ಮಾಡಿದರು. ಆ ಸದ್ದಿನಲ್ಲಿ ಯಾರು ಏನಂದರೂ ಯಾರಿಗೂ ಕೇಳುವಂತಿರಲಿಲ್ಲ.

"ಮಾಸ್ತರ," ಎಂದರು ವಕೀಲರು, ಸರಿದ ಹಾರದ ಸಂದಿಯನ್ನು ನೋಡುತ್ತ, ನನ್ನ ಕಿವಿಯ ಹತ್ತಿರ ಬಾಗಿ. "ಬೋ ಓರಿ ಆಗೇತಿ."

"ಇರ್ಲಿ ಬಿಡ್ರಿ," ಎಂದೆ. ಕೈಯಲ್ಲಿದ್ದ ಅಕ್ಕಿಕಾಳು ಬೆವರಿಗೆ ಅಂಟಿದ್ದವು, ಕೊಡವಿ ಎಸೆದೆ. ಅರ್ಧ ಮದುಮಕ್ಕಳ ಮೇಲೆ ಬಿದ್ದವು. ಅರ್ಧ ಅವ್ವನ ಮೇಲೆ.